ಬೋರ್‌ವೆಲ್ಲಿಗೆ ಬಿದ್ದ ಬೋಲ್ಟು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಬೋರ್‌ವೆಲ್ ಕೆಟ್ಟಿತೆಂದರೆ ಜನ ಎರಡು ಕಾರಣ ಊಹಿಸುತ್ತಾರೆ. ನೀರು ಇನ್ನೂ ಕೆಳಗೆ ಹೋಗಿರಬೇಕು, ಇಲ್ಲವೇ ಮೋಟರ್ ಸುಟ್ಟಿರಬೇಕು. ಮೂರನೆಯ ಕಾರಣವೂ ಒಂದಿದೆ, ಅದು ಸುದ್ದಿಯಾಗುವುದು ಕಡಿಮೆ. ಮೋಟರ್ ಎತ್ತುವಾಗಲೋ ಇಳಿಸುವಾಗಲೋ ಏನಾದರೊಂದು ಕೈಜಾರಿ ಕೊಳವೆಯೊಳಗೆ ಬೀಳುತ್ತದೆ: ಕ್ಲಾಂಪಿನ ಬೋಲ್ಟು, ಒಂದು ನಟ್ಟು, ಸ್ಪಾನರ್, ಕೆಲವೊಮ್ಮೆ ಪೈಪಿನ ಸಮೇತ ಪಂಪೇ. ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಬೋಲ್ಟು ಸಾಲ ಮಾಡಿ ಕೊರೆಸಿದ ಬಾವಿಯನ್ನು ಹೇಗೆ ಹಾಳುಮಾಡಬಲ್ಲದು? ಬಿದ್ದದ್ದನ್ನು ಹೇಗೆ ತೆಗೆಯುತ್ತಾರೆ? ಯಾವಾಗ ತೆಗೆಯಲು ಹೋಗದಿರುವುದೇ ಮೇಲು? ಈ ಕೆಲಸ ದಿನವೂ ನಡೆಯುವ ಊರುಗಳಲ್ಲೂ ಇದರ ಲೆಕ್ಕಾಚಾರ ಬಹಳ ಮಂದಿಗೆ ಗೊತ್ತಿಲ್ಲ.

ಮೊದಲು ಕೊಳವೆಯ ಒಳಗು ಹೇಗಿರುತ್ತದೆಂದು ತಿಳಿಯಬೇಕು. ಈ ನಾಲ್ಕು ತಾಲ್ಲೂಕುಗಳ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಬಂಡೆ. ಮಧುಗಿರಿಯ ಏಕಶಿಲಾ ಬೆಟ್ಟದಲ್ಲಿ ಕಣ್ಣಿಗೆ ಕಾಣುವ ಕಲ್ಲೇ ಹೊಲಗಳ ಅಡಿಯಲ್ಲೂ ಹರಡಿದೆ. ಅದರ ಮೇಲೆ ಮಣ್ಣು, ಮಣ್ಣಿನ ಕೆಳಗೆ ಬಿಸಿಲು ಮಳೆಗೆ ಸಡಿಲಗೊಂಡ ಗೊರಚು. ಕೊರೆಯುವಾಗ ಈ ಸಡಿಲ ಭಾಗ ಕುಸಿಯದಂತೆ ಕೇಸಿಂಗ್ ಪೈಪು ಇಳಿಸುತ್ತಾರೆ. ಗಟ್ಟಿ ಬಂಡೆ ಸಿಕ್ಕಿದಲ್ಲಿಗೆ ಕೇಸಿಂಗ್ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಐನೂರೋ ಸಾವಿರವೋ ಅಡಿಯವರೆಗೆ ಇರುವುದು ಬರೀ ಬಂಡೆಯಲ್ಲಿ ಕೊರೆದ ತೂತು. ಅದಕ್ಕೆ ಯಾವ ಒಳಕವಚವೂ ಇಲ್ಲ. ಸಾಮಾನ್ಯವಾಗಿ ಆರೂವರೆ ಇಂಚು, ಅಂದರೆ ಸುಮಾರು 165 ಮಿಲಿಮೀಟರ್ ಅಗಲ. ಬಂಡೆಯಲ್ಲಿ ಬಿರುಕು ಇರುವ ಕಡೆ ಅಂಚು ಒಡೆದು ಸಣ್ಣ ಗೂಡುಗಳೂ ಚಾಚುಗಳೂ ಉಳಿದಿರುತ್ತವೆ.

ನೀರು ಬರುವುದು ಆ ಬಿರುಕುಗಳಿಂದಲೇ. ಬಿರುಕು ಸಿಕ್ಕಿದರೆ ನೀರು, ಸಿಗದಿದ್ದರೆ ಬರೀ ಕಲ್ಲಿನ ಪುಡಿ. ನೀರಿರುವ ಬೋರ್‌ನಿಂದ ಹತ್ತು ಮಾರು ಆಚೆ ಕೊರೆದದ್ದು ಒಣಗಿರಬಹುದು. ಹಾಗಾಗಿ ಇಲ್ಲಿ ‘ಹೋದರೆ ಹೋಯಿತು, ಪಕ್ಕದಲ್ಲೇ ಇನ್ನೊಂದು ಹಾಕಿಸೋಣ’ ಎನ್ನುವುದು ದುಡ್ಡಿದ್ದವರಿಗೂ ಸುಲಭದ ಮಾತಲ್ಲ. ಬಿದ್ದ ವಸ್ತುವನ್ನು ತೆಗೆಯಲು ಜನ ಎರಡು ಮೂರು ದಿನ ಪಟ್ಟುಹಿಡಿದು ಕೂರುವುದು ಇದೇ ಕಾರಣಕ್ಕೆ.

ತೆರೆದ ಬಾವಿಗಳ ಕಾಲದಲ್ಲಿ ಈ ತೊಂದರೆ ಇಷ್ಟು ದೊಡ್ಡದಿರಲಿಲ್ಲ. ಈ ಸೀಮೆಯಲ್ಲಿ ಕೆರೆಯಂಗಳದಲ್ಲಿ ನೀರು ಜಿನುಗುವ ತಲಪರಿಗೆಗಳಿದ್ದವು, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಗಳಿದ್ದವು. ಸೇದುವ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಬಿಡುತ್ತಿದ್ದರು. ಕಬ್ಬಿಣದ ಬಳೆಗೆ ಸರಪಳಿ ಕಟ್ಟಿ, ಸುತ್ತಲೂ ಕೊಕ್ಕೆಗಳನ್ನು ತೂಗುಬಿಟ್ಟ ಸಾಧನ ಅದು. ಹಗ್ಗದಲ್ಲಿ ಇಳಿಸಿ ತಳದಲ್ಲಿ ಆಡಿಸಿದರೆ ಯಾವುದಾದರೊಂದು ಕೊಕ್ಕೆ ಕೊಡದ ಕಂಠಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಸಿಗದಿದ್ದರೆ ಈಜು ಬಲ್ಲವನೊಬ್ಬ ಇಳಿಯುತ್ತಿದ್ದ. 1967ರ ಬರಗಾಲದಲ್ಲಿ ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನು ವಿಮಾನದಲ್ಲಿ ಭಾರತಕ್ಕೆ ತರಿಸಿತು. ಮುಂದಿನ ದಶಕಗಳಲ್ಲಿ ಕೊರೆಯುವ ಲಾರಿಗಳು ಹಳ್ಳಿಹಳ್ಳಿಗೂ ಬಂದವು. ಬಾವಿ ಕಿರಿದಾಯಿತು, ಆಳವಾಯಿತು. ಕಣ್ಣೂ ಹೋಗದ, ಕೈಯೂ ಹೋಗದ ಜಾಗದಲ್ಲಿ ಕೆಲಸ ಮಾಡುವುದು ಆಗ ಶುರುವಾಯಿತು.

ಈಗ ಒಂದು ಸಣ್ಣ ಲೆಕ್ಕ. ಆರಿಂಚಿನ ವರ್ಗದ ಸಬ್‌ಮರ್ಸಿಬಲ್ ಮೋಟರ್, ಅಂದರೆ ನೀರಿನಲ್ಲಿ ಮುಳುಗಿಯೇ ಓಡುವ ಮೋಟರ್, ಸುಮಾರು 140 ಮಿಲಿಮೀಟರ್ ದಪ್ಪ ಇರುತ್ತದೆ. ಕೊಳವೆ 165. ಮೋಟರ್ ನಟ್ಟನಡುವೆ ನಿಂತರೆ ಸುತ್ತ ಉಳಿಯುವ ಸಂದು ಹನ್ನೆರಡು ಮಿಲಿಮೀಟರ್ ಚಿಲ್ಲರೆ. ಪೈಪು ಹಿಡಿಯುವ ಕ್ಲಾಂಪುಗಳಿಗೆ ಹಾಕುವ ಬೋಲ್ಟುಗಳೂ ಹೆಚ್ಚುಕಡಿಮೆ ಅಷ್ಟೇ ದಪ್ಪದವು. ಮೋಟರ್ ಒಳಗಿರುವಾಗ ಬೋಲ್ಟು ಬಿದ್ದರೆ ಅದು ಪಂಪಿನ ಭುಜದ ಮೇಲೆ ಕೂರಬಹುದು, ಅಥವಾ ಸಂದಿಗೆ ಅರ್ಧ ಇಳಿದು ನಿಲ್ಲಬಹುದು. ಪಂಪು ಓಡುತ್ತಿರುವಷ್ಟು ದಿನ ಏನೂ ಗೊತ್ತಾಗುವುದಿಲ್ಲ. ಮುಂದೆಂದೋ ಮೋಟರ್ ಎತ್ತಲು ಎಳೆದಾಗ ಬೋಲ್ಟು ಉರುಳಿ ಮೋಟರಿಗೂ ಬಂಡೆಗೂ ನಡುವೆ ಸೇರಿಕೊಳ್ಳುತ್ತದೆ. ಬಾಗಿಲಡಿಗೆ ತುರುಕಿದ ಬೆಣೆಯ ಕೆಲಸವೇ ಅದರದು, ಬಲ ಹಾಕಿದಷ್ಟೂ ಬಿಗಿ. ದೊಡ್ಡ ಸ್ಪಾನರ್ ಬಿದ್ದರೆ ಅದು ಸಂದಿಗೆ ಇಳಿಯದೆ ಮೇಲೇ ನಿಲ್ಲುತ್ತದೆ, ಕೊಕ್ಕೆಗೂ ಸಿಗುತ್ತದೆ. ಸಣ್ಣದಕ್ಕೇ ಹೆಚ್ಚು ಹೆದರಬೇಕು. ಕೇಳಲು ವಿಚಿತ್ರವೆನಿಸಿದರೂ ಲೆಕ್ಕ ಹಾಗೇ ಹೇಳುತ್ತದೆ.

ಹಾಗಾದರೆ ಬಿದ್ದ ತಕ್ಷಣ ಏನು ಮಾಡಬೇಕು? ಕಿವಿಗೊಡಬೇಕು. ಕೊಳವೆ ಖಾಲಿಯಿದ್ದು ನೀರು ಮುನ್ನೂರು ಅಡಿಯಲ್ಲಿದ್ದರೆ, ಬೋಲ್ಟು ಗೋಡೆಗೆ ತಾಕುತ್ತ ಟಣ್ ಟಣ್ ಎಂದು ಇಳಿದು ನಾಲ್ಕೈದು ಸೆಕೆಂಡಿನಲ್ಲಿ ನೀರಿಗೆ ಬಿದ್ದ ಸದ್ದು ಕೇಳಬೇಕು. ಆ ಸದ್ದು ಕೇಳಿದರೆ ಅದು ನೀರಿನೊಳಗೆ ಇಳಿಯುತ್ತಿದೆ ಎಂದು ತಿಳಿಯಬಹುದು. ನೀರಿನಲ್ಲಿ ಅಂಥ ಬೋಲ್ಟು ಸೆಕೆಂಡಿಗೆ ಮೀಟರಿಗಿಂತ ತುಸು ಹೆಚ್ಚಿನ ವೇಗದಲ್ಲಿ ಮುಳುಗುತ್ತದೆ. ಇನ್ನೂ ನಾನೂರು ಅಡಿ ಇಳಿಯಲು ಒಂದೆರಡು ನಿಮಿಷ ಸಾಕು. ನೀರಿನ ಸದ್ದು ಬಾರದೆ ಟಣತ್ಕಾರ ಮಧ್ಯದಲ್ಲೇ ನಿಂತರೆ ಎಲ್ಲೋ ಚಾಚಿನ ಮೇಲೆ, ಕೇಸಿಂಗಿನ ತುದಿಯಲ್ಲಿ ಅಥವಾ ಪೈಪಿನ ಕಪ್ಲಿಂಗ್ ಮೇಲೆ ಕೂತಿದೆ ಎಂದರ್ಥ. ಅನುಭವಿ ಮೋಟರ್ ಕೆಲಸದವರು ಏನಾದರೂ ಬಿದ್ದೊಡನೆ ಸುತ್ತಲಿನವರನ್ನು ಸುಮ್ಮನಿರಿಸುವುದು ಇದಕ್ಕೇ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ: ಅದನ್ನು ತೆಗೆಯಲೇಬೇಕೆ? ಮೋಟರ್ ಹೊರಗಿರುವಾಗ ಬೋಲ್ಟು ತಳಕ್ಕೆ ಹೋಗಿದ್ದರೆ, ಎಂಟುನೂರು ಅಡಿ ಬಾವಿಯಲ್ಲಿ ಮೋಟರ್ ಏಳುನೂರರಲ್ಲಿ ತೂಗುವುದಾದರೆ, ಆ ಬೋಲ್ಟು ಇನ್ನು ನೂರು ವರ್ಷ ಅಲ್ಲೇ ಬಿದ್ದಿರಲಿ, ಯಾರಿಗೂ ನಷ್ಟವಿಲ್ಲ. ಮಲ್ಪೆ, ಮಂಗಳೂರಿನ ಮೀನುಗಾರಿಕೆ ಬೋಟುಗಳಲ್ಲೂ ಇದೇ ವಿವೇಚನೆ ಬೇಕಾಗುತ್ತದೆ. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ಬೆರೆತ ನೀರು ನಿಲ್ಲುವ ತಗ್ಗು ಇರುತ್ತದೆ. ಅಲ್ಲಿಗೆ ಬಿದ್ದ ನಟ್ಟು ನೀರು ಹೊರಹಾಕುವ ಪಂಪಿನ ಬಾಯಿಗೆ ಹೋಗದಿದ್ದರೆ ಸಾಕು, ದಡಕ್ಕೆ ಬಂದಮೇಲೆ ನಿಧಾನವಾಗಿ ಹುಡುಕಬಹುದು. ಅದೇ ನಟ್ಟು ತೆರೆದಿಟ್ಟ ಸಿಲಿಂಡರಿಗೆ ಬಿದ್ದರೆ ತೆಗೆಯುವ ತನಕ ಎಂಜಿನ್ ಚಾಲೂ ಮಾಡುವಂತಿಲ್ಲ. ಬಿದ್ದ ವಸ್ತುವಿಗಿಂತ ಅದು ನಿಂತ ಜಾಗ ಮುಖ್ಯ. ಬೋರ್‌ನಲ್ಲಿ ಚಾಚಿನ ಮೇಲೆ ಕೂತದ್ದನ್ನು ಮೇಲೆ ತರುವುದಕ್ಕಿಂತ, ಭಾರವಾದ ಕಬ್ಬಿಣದ ಸರಳನ್ನು ಹಗ್ಗದಲ್ಲಿ ಇಳಿಸಿ ತಟ್ಟಿ ಕೆಳಗೆ ಕಳಿಸುವುದು ಎಷ್ಟೋ ಸಲ ಜಾಣತನ. ಮೋಟರ್ ಹೊರಗಿದ್ದಾಗ ಮಾತ್ರ, ಅಷ್ಟೇ.

ತೆಗೆಯಲೇಬೇಕು ಎಂದಾದರೆ ಮೊದಲು ನೋಡಬೇಕು. ಹಳ್ಳಿಯ ಉಪಾಯ ಕನ್ನಡಿ. ಬಿಸಿಲಿಗೆ ಕನ್ನಡಿ ಹಿಡಿದು ಬೆಳಕನ್ನು ಕೊಳವೆಯೊಳಕ್ಕೆ ತಿರುಗಿಸಿದರೆ, ಬಾವಿ ನೇರವಾಗಿದ್ದರೆ ನೀರಿನ ಮಟ್ಟದ ತನಕ ಸ್ವಲ್ಪಮಟ್ಟಿಗೆ ಕಾಣುತ್ತದೆ. ಬಾವಿ ಓರೆಯಾಗಿದ್ದರೆ ಅರ್ಧದಲ್ಲೇ ಗೋಡೆ ಅಡ್ಡ ಬರುತ್ತದೆ. ಈಗ ಕೇಬಲ್ಲಿಗೆ ಕಟ್ಟಿ ಇಳಿಸುವ ಸಣ್ಣ ಕ್ಯಾಮೆರಾಗಳು ಬಾಡಿಗೆಗೆ ಸಿಗುತ್ತವೆ. ನೀರು ಕದಡಿದ್ದರೆ ಅವೂ ಕುರುಡು. ಕೆಸರು ತಳ ಸೇರಲೆಂದು ಒಂದು ರಾತ್ರಿ ಕಾಯುವ ತಾಳ್ಮೆ ಇದ್ದವರಿಗೆ ಕ್ಯಾಮೆರಾ ಫಲ ಕೊಡುತ್ತದೆ. ಎಣ್ಣೆಬಾವಿ ಕೊರೆಯುವವರು ಇನ್ನೊಂದು ಉಪಾಯ ಬಳಸುತ್ತಾರೆ. ತಳದಲ್ಲಿ ಮೆತ್ತನೆಯ ಸೀಸ ತುಂಬಿದ ಗುಂಡನ್ನು ಇಳಿಸಿ ಬಿದ್ದ ವಸ್ತುವಿನ ಮೇಲೆ ಒತ್ತಿ ಮೇಲೆ ತರುತ್ತಾರೆ. ಸೀಸದ ಮೇಲೆ ಮೂಡಿದ ಅಚ್ಚು ನೋಡಿದರೆ ಕೆಳಗಿರುವುದು ಪೈಪಿನ ಬಾಯೋ, ಮುರಿದ ಅಂಚೋ, ನಡುವಿನಲ್ಲಿದೆಯೋ ಗೋಡೆಗೆ ಒರಗಿದೆಯೋ ತಿಳಿಯುತ್ತದೆ. ಸೀಸದ ಬದಲು ಮೇಣ ಹಾಕಿದರೂ ಆದೀತು. ನಮ್ಮ ಕಡೆ ಇದು ಇನ್ನಷ್ಟು ಬಳಕೆಗೆ ಬರಬೇಕೆಂದು ನನಗನಿಸುತ್ತದೆ, ಏಕೆಂದರೆ ಕೆಸರು ನೀರಿನಲ್ಲೂ ಇದಕ್ಕೆ ಅಡ್ಡಿಯಿಲ್ಲ.

ಬೋಲ್ಟು ಬಿತ್ತೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಅಯಸ್ಕಾಂತ. 1980ರ ದಶಕದಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ರೂಪುಗೊಂಡ ನಿಯೋಡಿಮಿಯಂ ಅಯಸ್ಕಾಂತಗಳು ಗಾತ್ರಕ್ಕೆ ಮೀರಿದ ಬಲವುಳ್ಳವು. ಅಂಗೈಯಷ್ಟಗಲದ ತುಂಡು ಹತ್ತಾರು ಕಿಲೋ ಎತ್ತಬಲ್ಲದು. ಆದರೆ ಆ ಬಲ ಅಯಸ್ಕಾಂತದ ಮೈಗೆ ವಸ್ತು ಸಪಾಟಾಗಿ ಅಂಟಿದಾಗಿನದು. ನಡುವೆ ಕೆಲವೇ ಮಿಲಿಮೀಟರ್ ಅಂತರ ಬಂದರೂ ಸೆಳೆತ ತೀರಾ ಕುಸಿಯುತ್ತದೆ. ಬೋಲ್ಟಿನ ಮೇಲೆ ಕೆಸರು ಕೂತಿದ್ದರೆ, ಅದು ಗೂಡಿನೊಳಗೆ ಜಾರಿದ್ದರೆ, ಲೇಬಲ್ಲಿನ ಮೇಲೆ ಬರೆದ ಕಿಲೋ ಲೆಕ್ಕ ಏನೂ ಸಹಾಯ ಮಾಡದು.

ಇನ್ನೊಂದು ತೊಡಕು ಕೇಸಿಂಗಿನದು. ಕೇಸಿಂಗ್ ಕಬ್ಬಿಣದ್ದಾದರೆ ಇಳಿಸಿದ ಅಯಸ್ಕಾಂತ ಬೋಲ್ಟಿನ ತನಕ ಹೋಗುವುದೇ ಇಲ್ಲ, ದಾರಿಯುದ್ದಕ್ಕೂ ಪೈಪಿಗೇ ಕಚ್ಚಿಕೊಳ್ಳುತ್ತದೆ. ಅದಕ್ಕೆ ಅಯಸ್ಕಾಂತದ ಪಕ್ಕಗಳನ್ನು ದಪ್ಪನೆಯ ಪ್ಲಾಸ್ಟಿಕ್ ಪೈಪಿನೊಳಗೆ ಇರಿಸಿ ತಳವನ್ನು ಮಾತ್ರ ತೆರೆದಿಡಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ಲೋಹದ್ದು. ಸಾಧಾರಣ ಕಬ್ಬಿಣ, ಬೀಡು ಅಯಸ್ಕಾಂತಕ್ಕೆ ಅಂಟುತ್ತವೆ. ಹಿತ್ತಾಳೆ, ಕಂಚು, ಅಲ್ಯುಮಿನಿಯಂ ಅಂಟುವುದಿಲ್ಲ. ತುಕ್ಕು ಹಿಡಿಯದಿರಲೆಂದು ಪಂಪುಗಳಿಗೆ ಹಾಕುವ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳಲ್ಲಿ ಹೆಚ್ಚಿನವು 304 ಎಂಬ ದರ್ಜೆಯವು. ಅವೂ ಅಂಟುವುದಿಲ್ಲವೆಂದೇ ಲೆಕ್ಕ. ಅರ್ಧ ದಿನ ಅಯಸ್ಕಾಂತ ಇಳಿಸಿ ಏರಿಸಿ ಸುಸ್ತಾಗುವ ಮೊದಲು ಕ್ಲಾಂಪಿನಲ್ಲಿ ಉಳಿದಿರುವ ಜೋಡಿ ಬೋಲ್ಟನ್ನು ಅದಕ್ಕೆ ಹಿಡಿದು ನೋಡಿದರೆ ಅರ್ಧ ನಿಮಿಷದಲ್ಲಿ ವಿಷಯ ತೀರ್ಮಾನವಾಗುತ್ತದೆ. ಇಷ್ಟು ಸಣ್ಣ ಪರೀಕ್ಷೆಯನ್ನು ಮಾಡದವರೇ ಹೆಚ್ಚು.

ಅಂಟದ ವಸ್ತುಗಳಿಗೆ ಎಣ್ಣೆಬಾವಿಯವರು ಬುಟ್ಟಿಯಂಥ ಸಾಧನ ಬಳಸುತ್ತಾರೆ. ಅದರ ಬಾಯಲ್ಲಿ ಒಳಮುಖವಾಗಿ ಬಾಗಿದ ಸ್ಪ್ರಿಂಗ್ ಪಟ್ಟಿಗಳಿರುತ್ತವೆ. ಒತ್ತಿದಾಗ ವಸ್ತು ಒಳಗೆ ನುಗ್ಗುತ್ತದೆ, ಎತ್ತುವಾಗ ಪಟ್ಟಿಗಳು ಮುಚ್ಚಿಕೊಂಡು ಹೊರಗೆ ಬೀಳಗೊಡುವುದಿಲ್ಲ. ಊರಿನ ಲೇತ್ ಅಂಗಡಿಯಲ್ಲಿ ಇಂಥದ್ದನ್ನು ಮಾಡಿಸುವುದು ಕಷ್ಟವಲ್ಲ.

ಇನ್ನು ಪಂಪೇ ಬಿದ್ದ ಸಂಗತಿ. ಇದು ಯಾಕೆ ಆಗುತ್ತದೆಂದು ತಿಳಿಯಲು ತೂಕದ ಲೆಕ್ಕ ಬೇಕು. ಎರಡು ಇಂಚಿನ ಜಿಐ ಪೈಪು ಮೀಟರಿಗೆ ಸುಮಾರು 5 ಕಿಲೋ. 600 ಅಡಿಗೆ, ಅಂದರೆ 183 ಮೀಟರಿಗೆ, ಪೈಪಿನ ತೂಕವೇ 900 ಕಿಲೋ ದಾಟುತ್ತದೆ. ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್ ಗಟ್ಟಿಯಾಗಿದ್ದರೆ ಪೈಪಿನೊಳಗೆ ಸುಮಾರು 400 ಲೀಟರ್ ನೀರೂ ನಿಂತಿರುತ್ತದೆ. ಒಟ್ಟು 1,300 ಕಿಲೋ, ಅದರ ಮೇಲೆ ಪಂಪು, ಮೋಟರ್, ಕೇಬಲ್. ಪೈಪು ಬಿಚ್ಚುವಾಗ ಈ ಭಾರವೆಲ್ಲ ಬಾವಿಯ ಬಾಯಲ್ಲಿ ಕೂರಿಸಿದ ಕ್ಲಾಂಪಿನ ಕೆಲವು ಬೋಲ್ಟುಗಳ ಬಿಗಿಯ ಮೇಲೆ ನಿಂತಿರುತ್ತದೆ. ಮರೆ, ಅಂದರೆ ತಿರುಪಿನ ಸುತ್ತುಗೀರು, ಸವೆದ ಬೋಲ್ಟು ಜಾರಿದರೆ ಎಲ್ಲವೂ ಕೆಳಗೆ. ಇನ್ನೊಂದು ದುರ್ಬಲ ಜಾಗ ಪೈಪಿನ ಮರೆ. ಮರೆ ಕೊರೆದಲ್ಲಿ ಪೈಪಿನ ದಪ್ಪ ಕಡಿಮೆಯಾಗಿರುತ್ತದೆ, ತುಕ್ಕು ಅಲ್ಲೇ ಮೊದಲು ತಿನ್ನುತ್ತದೆ, ಮೋಟರ್ ಚಾಲೂ ಆದಾಗಲೆಲ್ಲ ಬೀಳುವ ತಿರುಚು ಅಲ್ಲೇ ಎಳೆಯುತ್ತದೆ.

ಪೈಪು ಮುರಿದು ಬಿದ್ದಾಗ ಕೇಬಲ್ ಮತ್ತು ಹಗ್ಗ ಸಡಿಲವಾಗಿ ಪೈಪಿನ ಬಾಯಿಯ ಮೇಲೆ ಸುರುಳಿ ಸುತ್ತಿಕೊಳ್ಳುತ್ತವೆ. ಆತುರಕ್ಕೆ ಭಾರವಾದ ಸಾಧನ ಇಳಿಸಿ ಕುಟ್ಟಿದರೆ ಆ ಸುರುಳಿ ಒತ್ತಿ ಒತ್ತಿ ಗಟ್ಟಿ ಬಿರಡೆಯಾಗುತ್ತದೆ. ಮೊದಲು ಮುಳ್ಳುಗಳಿರುವ ಸರಳಿನಿಂದ ಕೇಬಲ್ಲನ್ನು ಸುತ್ತಿ ಮೇಲೆ ತರಬೇಕು. ಪೈಪಿನ ಬಾಯಿ ಖಾಲಿಯಾದ ಮೇಲೆ ಎರಡು ದಾರಿ. ಪೈಪಿನ ಒಳಗೆ ಹೋಗುವ, ತುದಿ ಚೂಪಾಗಿ ಮೇಲೆ ಅಗಲವಾಗುವ, ಮೈಯೆಲ್ಲ ಮರೆ ಇರುವ ಗಟ್ಟಿ ಉಕ್ಕಿನ ಸಾಧನವನ್ನು ಪೈಪುಗಳ ತುದಿಗೆ ಹಾಕಿ ಇಳಿಸಿ ತಿರುಗಿಸುತ್ತಾರೆ. ಅದು ಹೊಸ ಮರೆ ಕೊರೆಯುತ್ತ ಕಚ್ಚಿಕೊಳ್ಳುತ್ತದೆ. ಇನ್ನೊಂದು ಗಂಟೆಯಾಕಾರದ ಸಾಧನ, ಪೈಪನ್ನು ಹೊರಗಿನಿಂದ ಕವಿದು ಹಿಡಿಯುತ್ತದೆ. ಪೈಪಿನ ಬಾಯಿ ಗೋಡೆಗೆ ಒರಗಿದ್ದರೆ ಗಂಟೆ ಕವಿಯುವುದಿಲ್ಲ, ಬಾಯಿ ಚಪ್ಪಟೆಯಾಗಿದ್ದರೆ ಒಳಗಿನ ಸಾಧನ ಹೋಗುವುದಿಲ್ಲ. ಸೀಸದ ಅಚ್ಚಿನ ಬೆಲೆ ಆಗ ಗೊತ್ತಾಗುತ್ತದೆ.

ಸಿಕ್ಕಿಕೊಂಡ ಮೋಟರಿನ ವಿಷಯದಲ್ಲಿ ಹೆಚ್ಚಿನ ಹಾನಿ ಆಗುವುದು ಮೊದಲ ಹತ್ತು ನಿಮಿಷದಲ್ಲಿ. ಬರಲಿಲ್ಲವೆಂದು ಚೈನ್ ಪುಲ್ಲಿಯಿಂದ ಇನ್ನಷ್ಟು ಎಳೆಯುತ್ತಾರೆ, ಅದೂ ಆಗದಿದ್ದರೆ ಟ್ರ್ಯಾಕ್ಟರ್ ತರುತ್ತಾರೆ. ಬೆಣೆ ಬಿಗಿಯುತ್ತದೆ, ಕೊನೆಗೆ ಪೈಪು ಕಿತ್ತುಹೋಗುತ್ತದೆ. ಸರಿಯಾದ ಕ್ರಮ ಇದಕ್ಕೆ ತಿರುಗುಮುರುಗು. ಎಳೆಯುವುದನ್ನು ನಿಲ್ಲಿಸಿ ಮೊದಲು ಕೆಳಕ್ಕೆ ಬಿಡಬೇಕು. ಯಾವ ಕಲ್ಲೋ ಬೋಲ್ಟೋ ಮೇಲೆಳೆದಾಗ ಕಚ್ಚಿದೆಯೋ ಅದು ಕೆಳಗಿಳಿಸಿದಾಗ ಸಡಿಲವಾಗುವ ಸಾಧ್ಯತೆ ಹೆಚ್ಚು. ಆಮೇಲೆ ಪೈಪನ್ನು ತುಸು ತಿರುಗಿಸಿ, ನಿಧಾನವಾಗಿ ಎತ್ತಿ, ಮತ್ತೆ ಇಳಿಸಬೇಕು. ತಿರುಗಿಸುವುದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಮಾತ್ರ. ಪೈಪಿನ ಮರೆಗಳು ಆ ದಿಕ್ಕಿಗೆ ಬಿಗಿಯುತ್ತವೆ. ಎದುರು ದಿಕ್ಕಿಗೆ ತಿರುಗಿಸಿದರೆ ನೆಲದಡಿ ಯಾವುದೋ ಒಂದು ಸಾಕೆಟ್ ಬಿಚ್ಚಿಕೊಂಡು, ಸಿಕ್ಕಿಕೊಂಡದ್ದು ಬಿದ್ದುಹೋದದ್ದಾಗಿ ಬದಲಾಗುತ್ತದೆ. ಮೇಲಿನಿಂದ ನೀರು ಸುರಿದರೆ ಸಂದಿನ ಮರಳು ಸಡಿಲಗೊಳ್ಳಲು ಸಹಾಯವಾಗುತ್ತದೆ. ಎಚ್‌ಡಿಪಿಇ ಪೈಪಿನಲ್ಲಿ ಈ ತಿರುಗಿಸುವ ಉಪಾಯ ನಡೆಯದು, ಏಕೆಂದರೆ ಉದ್ದನೆಯ ಮೆದು ಪೈಪು ತಿರುಚಿಕೊಳ್ಳುತ್ತದೆಯೇ ಹೊರತು ತಿರುವನ್ನು ಮೋಟರಿಗೆ ತಲುಪಿಸುವುದಿಲ್ಲ.

ಬೀಳದಂತೆ ನೋಡಿಕೊಳ್ಳುವುದು ಬಿದ್ದದ್ದನ್ನು ತೆಗೆಯುವುದರ ನೂರರಲ್ಲೊಂದು ಪಾಲಿನ ಕೆಲಸ. ಕ್ಲಾಂಪಿನ ಸುತ್ತ ಕೊಳವೆಯ ಬಾಯಿ ಮುಚ್ಚಲು ನಡುವೆ ಪೈಪಿನಷ್ಟು ತೂತಿರುವ, ಎರಡು ಹೋಳಾಗಿ ತೆರೆಯುವ ಹಲಗೆ ಸಾಕು. ಅದೂ ಇಲ್ಲವೆಂದರೆ ಗೋಣಿಚೀಲ ಸುತ್ತಬಹುದು. ಸ್ಪಾನರಿಗೆ ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಬಹುದು. ವಿಮಾನೋದ್ಯಮದಲ್ಲಿ ಪ್ರತಿ ಸಲಕರಣೆಗೂ ಫಲಕದ ಮೇಲೆ ಅದರದೇ ಆಕಾರದ ಜಾಗ ಗುರುತಿಸಿ, ಕೆಲಸ ಮುಗಿದಾಗ ಖಾಲಿ ಜಾಗ ಉಳಿದರೆ ಯಂತ್ರ ಹಾರಲು ಬಿಡದ ಪದ್ಧತಿ ಪ್ರಪಂಚದ ಎಲ್ಲೆಡೆ ಇದೆ. ಮೋಟರ್ ಎತ್ತುವ ಗಾಡಿಯಲ್ಲಿ ಅಷ್ಟು ಶಿಸ್ತು ಬೇಡ. ಬೋಲ್ಟು ಹಾಕಿಡಲು ಒಂದು ಡಬ್ಬಿ, ಮುಗಿದಮೇಲೆ ಒಮ್ಮೆ ಎಣಿಕೆ, ಇಷ್ಟು ಇದ್ದರೆ ಬಿದ್ದದ್ದು ಅಂದೇ ಗೊತ್ತಾಗುತ್ತದೆ, ಎರಡು ವರ್ಷದ ನಂತರವಲ್ಲ.

ಎಲ್ಲ ಪ್ರಯತ್ನ ಸೋತ ಬಾವಿಗಳೂ ಇರುತ್ತವೆ. ಅವನ್ನು ತೆರೆದಿಡುವಂತಿಲ್ಲ. ಮಕ್ಕಳು ಬೀಳುವ ದುರಂತಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಸೂಚನೆಗಳ ಪ್ರಕಾರ ಕೈಬಿಟ್ಟ ಕೊಳವೆಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಮೋಟರ್ ಎತ್ತಿಟ್ಟು ರಿಪೇರಿಗೆ ಒಯ್ದ ಬಾವಿಯ ಬಾಯಿಗೂ ಮುಚ್ಚಳ ಬೇಕು. ಆ ಮುಚ್ಚಳ ಕಲ್ಲು, ಬೋಲ್ಟುಗಳನ್ನೂ ತಡೆಯುತ್ತದೆ.

ನನ್ನ ಅಭಿಪ್ರಾಯ ಇರುವುದು ಈ ಕೆಲಸಗಳಿಗೆಲ್ಲ ಹಿಂದಿನ ಒಂದು ಹಂತದ ಬಗ್ಗೆ. ಮೇಲೆ ಹೇಳಿದ ಪ್ರತಿ ತೀರ್ಮಾನಕ್ಕೂ ಕೆಲವು ಸಂಖ್ಯೆ ಬೇಕು: ಬಾವಿಯ ಒಟ್ಟು ಆಳ, ಅಗಲ, ಕೇಸಿಂಗ್ ಎಷ್ಟು ಅಡಿ, ನೀರಿನ ಬಿರುಕು ಎಲ್ಲೆಲ್ಲಿ, ಮೋಟರ್ ಎಷ್ಟರಲ್ಲಿ ತೂಗುತ್ತಿದೆ, ಅದರ ದಪ್ಪ ಎಷ್ಟು. ಇವುಗಳಲ್ಲಿ ಹೆಚ್ಚಿನವು ಗೊತ್ತಿರುವುದು ಕೊರೆದವರಿಗೆ. ಕೊರೆದ ಲಾರಿ ಎಷ್ಟೋ ಸಲ ತಮಿಳುನಾಡಿನ ತಿರುಚೆಂಗೋಡಿನದು, ಮಾರನೆಯ ದಿನ ಇನ್ನೊಂದು ಜಿಲ್ಲೆಯಲ್ಲಿರುತ್ತದೆ. ಉಳಿದದ್ದು ರೈತನ ನೆನಪು, ಅದರಲ್ಲಿ ಏಳುನೂರು ಎಂಟುನೂರಾಗುವುದು ಸಹಜ. ರಾಜ್ಯದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ, ಅಧಿಸೂಚಿತ ಪ್ರದೇಶದಲ್ಲಿ ಕೊರೆಯಲು ಅನುಮತಿಯೂ ಬೇಕು. ಗಂಗಾ ಕಲ್ಯಾಣ ಯೋಜನೆಯಲ್ಲಿ ಸರ್ಕಾರದ ನೆರವಿನಿಂದ ಬಾವಿ ಕೊರೆಸಿ ಪಂಪು ಕೂರಿಸಲಾಗುತ್ತದೆ. ಆ ಯೋಜನೆಯ ಕಡತದ ಜೊತೆ ಈ ಸಂಖ್ಯೆಗಳಿರುವ ಒಂದು ಹಾಳೆಯನ್ನು ಕೊರೆದವರ ಸಹಿಯೊಡನೆ ರೈತನ ಕೈಗೆ ಕೊಟ್ಟ ಮೇಲೆಯೇ ಬಿಲ್ಲು ಪಾವತಿಯಾಗಲಿ. ಖಾಸಗಿಯಾಗಿ ಕೊರೆಸುವವರು ದುಡ್ಡು ಎಣಿಸಿ ಕೊಡುವ ಮೊದಲು ಅದೇ ಹಾಳೆ ಕೇಳಲಿ. ಪೈಪು ಬದಲಿಸಿದಾಗ, ಮೋಟರ್ ಇನ್ನೆರಡು ಪೈಪು ಕೆಳಗಿಳಿಸಿದಾಗ ಅದರಲ್ಲಿ ಒಂದು ಸಾಲು ಸೇರಿಸಿ ಸ್ಟಾರ್ಟರ್ ಪೆಟ್ಟಿಗೆಯ ಒಳಬದಿಗೆ ಅಂಟಿಸಿಡಬಹುದು.